ಮೂರನೆಯವನ ಕುರ್ಚಿ

ಯುದ್ಧದ ಆಟಕ್ಕೆ ಕಡಿಮೆಯೆಂದರೂ ಮೂವರು ಬೇಕು. ಹೊಡೆದಾಡುವವರು ಇಬ್ಬರು, ಲೆಕ್ಕ ಹಿಡಿಯುವವನು ಒಬ್ಬ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಾನು ಸೈಬರ್ ಕೆಫೆ ನಡೆಸಿದ ವರ್ಷಗಳಲ್ಲಿ ಆ ಮೂರನೆಯವನ ಕುರ್ಚಿ ನನ್ನ ಪಾಲಿಗೆ ಬಂದಿತ್ತು. ಕೌಂಟರಿನ ಮೇಲೆ ಹೆಸರು ಬರೆಸುವ ರಿಜಿಸ್ಟರ್, ಕೆಳಗೆ ಸರ್ವರ್ ಆಗಿ ದುಡಿಯುತ್ತಿದ್ದ ಸಿಸ್ಟಮ್. ಒಳಗೆ ಇಂಜಿನಿಯರಿಂಗ್ ಹುಡುಗರು ಕೌಂಟರ್-ಸ್ಟ್ರೈಕ್ ಆಡುತ್ತಿದ್ದರು. ಯಾರ ಗುಂಡು ಯಾರಿಗೆ ಮೊದಲು ತಾಗಿತು ಎಂಬುದನ್ನು ತೀರ್ಮಾನಿಸುತ್ತಿದ್ದದ್ದು ನನ್ನ ಕಾಲಬುಡದ ಆ ಡಬ್ಬಿ. ಕಂಪ್ಯೂಟರ್ ಯುದ್ಧದಾಟಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಚಿತ್ರಗಳು ಹೇಗೆ ಚೆಂದವಾಗುತ್ತ ಬಂದವು, ಬಂದೂಕುಗಳು ಹೇಗೆ ನಿಜದಂತಾದವು ಎಂದು ಹೇಳುತ್ತಾರೆ. ನನಗೆ ಆ ಚರಿತ್ರೆ ಈ ಕುರ್ಚಿಯದೇ ಚರಿತ್ರೆ ಅನ್ನಿಸುತ್ತದೆ. ಅದರಲ್ಲಿ ಯಾರು ಕೂತಿದ್ದರು, ಅದು ಎಲ್ಲಿಂದ ಎಲ್ಲಿಗೆ ಹೋಯಿತು ಎನ್ನುವುದನ್ನು ಹಿಡಿದು ಹೋದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ.

ನಮ್ಮ ಹಳೆಯ ಆಟಗಳಲ್ಲಿ ಈ ಕುರ್ಚಿ ಇರಲಿಲ್ಲ. ಹುಲಿಕುರಿ ಆಟದ ಮನೆಗಳನ್ನು ಹಂಪಿಯ ಮಂಟಪಗಳ ಕಲ್ಲುಹಾಸಿನ ಮೇಲೆ ಇವತ್ತಿಗೂ ಕಾಣಬಹುದು. ಹುಲಿ ಎಲ್ಲಿದೆ, ಕುರಿ ಎಷ್ಟು ಉಳಿದಿವೆ ಎಂಬುದು ಕಟ್ಟೆಯ ಮೇಲೆ ಕೂತು ನೋಡುವವನಿಗೂ ಗೊತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳ ನಡುವೆ ಚದುರಂಗದ ವಿವರವಿದೆ. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಬಲದ ಸೈನ್ಯವೇ ಆಟವಾಯಿತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 19ನೆಯ ಶತಮಾನದಲ್ಲಿ ಚದುರಂಗದ ಸಮಸ್ಯೆಗಳನ್ನೂ ಕುದುರೆಯನ್ನು ಅರವತ್ತನಾಲ್ಕು ಮನೆಗೂ ಒಂದೊಂದೇ ಸಲ ನಡೆಸುವ ದಾರಿಗಳನ್ನೂ ರಚಿಸಿದರು. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗ ಇಂಥ ಆಟಗಳಿಗೇ ಮೀಸಲು. ಎಲ್ಲವೂ ದೊಡ್ಡ ಬುದ್ಧಿಯ ಕೆಲಸ. ಆದರೆ ಎದುರಾಳಿಯ ಆನೆ ಎಲ್ಲಿದೆ ಎಂದು ತಿಳಿಯದೆ ಕೂತ ಸೇನಾಪತಿಯ ಸಂಕಟಕ್ಕೆ ಚದುರಂಗದಲ್ಲಿ ಜಾಗವಿಲ್ಲ. ನಿಜವಾದ ಯುದ್ಧದಲ್ಲಿ ಅರ್ಧ ಸಂಕಟ ಅದೇ.

ಆ ಸಂಕಟವನ್ನು ಆಟದೊಳಗೆ ತಂದವರು ಜರ್ಮನರು. ಬ್ರೌನ್ಷ್ವೈಗ್‌ನ ಗಣಿತಜ್ಞ ಹೆಲ್ವಿಗ್ 1780ರಲ್ಲಿ ಚದುರಂಗದ ಮನೆಗಳನ್ನು ಹೆಚ್ಚಿಸಿ ಅವಕ್ಕೆ ಗುಡ್ಡ, ಹೊಳೆ, ಊರುಗಳ ಬಣ್ಣ ಕೊಟ್ಟ. ಪ್ರಷ್ಯದ ರೈಸ್ವಿಟ್ಸ್ ತಂದೆ ಮಗ ಮುಂದಿನ ಹೆಜ್ಜೆ ಇಟ್ಟರು. ಮಗ ಫಿರಂಗಿ ದಳದ ಅಧಿಕಾರಿ. 1824ರಲ್ಲಿ ಅವನು ಪ್ರಕಟಿಸಿದ ನಿಯಮಗಳಲ್ಲಿ ಮನೆಗಳೇ ಇಲ್ಲ, ನಿಜವಾದ ಭೂಪಟವೇ ಹಾಸು. ಅಳತೆ 1:8000, ಒಂದು ಸರದಿ ಎಂದರೆ ಎರಡು ನಿಮಿಷದ ಯುದ್ಧ. ತಮ್ಮ ಪಡೆ ನೀಲಿ, ವೈರಿ ಕೆಂಪು. ಎರಡು ಪಕ್ಷದವರೂ ತಮ್ಮ ಅಪ್ಪಣೆಗಳನ್ನು ಚೀಟಿಯಲ್ಲಿ ಬರೆದು ನಡುವೆ ಕೂತ ಪಂಚನಿಗೆ ಕೊಡಬೇಕು. ಅವನು ದಾಳ ಹಾಕಿ, ಕೋಷ್ಟಕ ನೋಡಿ, ಇಷ್ಟು ಜನ ಸತ್ತರು, ಇಷ್ಟು ದೂರ ನಡೆದರು ಎಂದು ತೀರ್ಮಾನಿಸಬೇಕು. ಒಬ್ಬನ ಕಣ್ಣಿಗೆ ಬೀಳಲಾರದ ವೈರಿ ತುಕಡಿಯನ್ನು ನಕಾಶೆಯ ಮೇಲೆ ಇಡಲೇಬಾರದು. ಪಂಚನೊಬ್ಬನಿಗೇ ಎಲ್ಲ ಗೊತ್ತು. ಮೂರನೆಯವನ ಕುರ್ಚಿ ಹೀಗೆ ಹುಟ್ಟಿತು. ಅದನ್ನು ಮಾಡಿದ ತರುಣ 1827ರಲ್ಲಿ ಪ್ರಾಣ ಕಳೆದುಕೊಂಡ. ಅವನ ಆಟ ಮಾತ್ರ ಪ್ರಷ್ಯದ ಸೈನ್ಯದಲ್ಲಿ ಉಳಿಯಿತು. 1870–71ರಲ್ಲಿ ಪ್ರಷ್ಯ ಫ್ರಾನ್ಸನ್ನು ಸೋಲಿಸಿದ ಮೇಲೆ ಬೇರೆ ದೇಶದ ಸೈನ್ಯಗಳೂ ಅದನ್ನು ಕಲಿತವು.

ಆದರೆ ಲೆಕ್ಕ ಭಾರವಾಗಿತ್ತು. ಎರಡು ನಿಮಿಷದ ಕಾಳಗದ ತೀರ್ಪಿಗೆ ಪಂಚ ಎಷ್ಟೋ ಹೊತ್ತು ಕೋಷ್ಟಕ ತಿರುವಿ ಹಾಕಬೇಕು. 1876ರಲ್ಲಿ ವೆರ್ಡಿ ದು ವೆರ್ನ್ವಾ ಎಂಬ ಸೇನಾನಿ, ಕೋಷ್ಟಕ ಬಿಡಿ, ಅನುಭವಿಯೊಬ್ಬನನ್ನು ಪಂಚನಾಗಿ ಕೂರಿಸಿ ಅವನ ಮಾತೇ ಕಡೆಯದು ಎನ್ನಿ ಎಂದ. ಆಟ ಚುರುಕಾಯಿತು. ಆದರೆ ಪಂಚನಾಗಿ ಕೂತವನು ಮೇಲಧಿಕಾರಿಯಾದರೆ ಅವನ ಮನಸ್ಸಿನ ಯುದ್ಧವೇ ಎಲ್ಲರ ಯುದ್ಧವಾಗುತ್ತದೆ, ಈ ತೊಡಕು ಉಳಿಯಿತು. ಲೆಕ್ಕವೋ ವಿವೇಕವೋ ಎಂಬ ಆ ಜಗಳ ಇನ್ನೂ ತೀರಿಲ್ಲ ಎಂದೇ ನನ್ನ ತಿಳಿವಳಿಕೆ.

ಈ ಪಂಚನನ್ನು ನಾನು ಮೊದಲು ಕಂಡದ್ದು ಧಾರವಾಡದಲ್ಲಿ, ಎನ್‌ಸಿಸಿಯಲ್ಲಿ. ಸ್ಯಾಂಡ್ ಮಾಡೆಲ್ ಎನ್ನುತ್ತಿದ್ದರು. ಕಟ್ಟಿಗೆಯ ಚೌಕಟ್ಟಿನೊಳಗೆ ಮರಳು ಹರವಿ, ಮೇಲೆ ದಾರ ಕಟ್ಟಿ ಚೌಕಗಳನ್ನು ಮಾಡಿ, ಭೂಪಟದ ಒಂದೊಂದು ಚೌಕವನ್ನೂ ಅಳತೆ ಹಿಡಿದು ಮರಳಿನಲ್ಲಿ ಎಬ್ಬಿಸುವುದು. ಹುಲ್ಲುಗಾವಲಿಗೆ ಹಸಿರು ಬಣ್ಣ ಕಲಸಿದ ಕಟ್ಟಿಗೆ ಹೊಟ್ಟು, ಕೆರೆಗೆ ನೀಲಿ ಪುಡಿ, ರಸ್ತೆಗೆ ರಿಬ್ಬನ್ನು. ನಾವು ಹುಡುಗರು ಸುತ್ತ ಕುಕ್ಕರಗಾಲಲ್ಲಿ ಕೂತರೆ ಹವಾಲ್ದಾರ್ ಉಸ್ತಾದರು ಬೆತ್ತದ ತುದಿಯಿಂದ ಒಂದು ಗುಡ್ಡ ಮುಟ್ಟಿ, ನಿನ್ನ ಸೆಕ್ಷನ್ ಇಲ್ಲಿದೆ, ಆ ತೋಪಿನಿಂದ ಗುಂಡು ಬಂತು, ಏನು ಮಾಡ್ತಿ ಎಂದು ಹಿಂದಿಯಲ್ಲಿ ಕೇಳುವರು. ನಾವು ಹೇಳಿದ್ದಕ್ಕೆ ಅವರು ಕೊಡುವ ಉತ್ತರ ಒಂದೇ ಮಾತಿನದು: ಇಬ್ಬರು ಹೋದರು. ಯಾಕೆ ಹೋದರು ಎಂದು ಕೇಳುವ ಹಾಗಿರಲಿಲ್ಲ. ವೆರ್ಡಿಯ ಹೆಸರು ಉಸ್ತಾದರು ಕೇಳಿರಲಿಕ್ಕಿಲ್ಲ, ಪದ್ಧತಿ ಮಾತ್ರ ಅವನದೇ.

ಕಂಪ್ಯೂಟರ್ ಬಂದದ್ದು ಲೆಕ್ಕದ ಪಕ್ಷದ ಕಡೆಯಿಂದ. ಅಮೆರಿಕದ ನೌಕಾಪಡೆ ನ್ಯೂಪೋರ್ಟಿನ ತನ್ನ ಯುದ್ಧ ಕಾಲೇಜಿನಲ್ಲಿ 1958ರಲ್ಲಿ ಕೋಣೆಗಟ್ಟಲೆ ಜಾಗ ಹಿಡಿಯುವ ಒಂದು ಯಂತ್ರವನ್ನು ಶುರುಮಾಡಿತು. ಹಡಗುಗಳ ಓಟ, ಹೊಡೆತ, ಹಾನಿಯ ಲೆಕ್ಕ ಅದರ ಪಾಲು. ಬೇರೆ ಬೇರೆ ಕೋಣೆಗಳಲ್ಲಿ ಕೂತ ಅಧಿಕಾರಿಗಳಿಗೆ ತಮ್ಮ ಹಡಗಿಗೆ ಕಾಣುವಷ್ಟೇ ಕಾಣುತ್ತಿತ್ತು. ಅದೇ 1958ರಲ್ಲಿ ಚಾರ್ಲ್ಸ್ ರಾಬರ್ಟ್ಸ್ ಎಂಬಾತ ಅವಲಾನ್ ಹಿಲ್ ಕಂಪನಿಯಿಂದ ಗೆಟ್ಟಿಸ್‌ಬರ್ಗ್ ಕಾಳಗವನ್ನು ರಟ್ಟಿನ ಪೆಟ್ಟಿಗೆಯಲ್ಲಿ ಮನೆಮನೆಗೆ ಮಾರಿದ. 1962ರಲ್ಲಿ ಎಂಐಟಿಯ ಸ್ಟೀವ್ ರಸೆಲ್ ಮತ್ತು ಗೆಳೆಯರು ಪಿಡಿಪಿ-1 ಯಂತ್ರದ ಮೇಲೆ ಎರಡು ಹಡಗುಗಳನ್ನು ನಕ್ಷತ್ರದ ಸುತ್ತ ಹೊಡೆದಾಡಿಸಿದರು. ಅದರ ಹೆಸರು ‘ಸ್ಪೇಸ್‌ವಾರ್’. ಅಲ್ಲಿಂದ ಮುಂದೆ ಕೈಚಳಕದ ಆಟಗಳದೊಂದು ದಾರಿ, ನಕಾಶೆಯ ಆಟಗಳದೊಂದು ದಾರಿ.

ನಕಾಶೆಯ ದಾರಿಯಲ್ಲಿ ನನಗೆ ಅತ್ಯಂತ ಗೌರವವಿರುವ ಕೃತಿ ಕ್ರಿಸ್ ಕ್ರಾಫರ್ಡ್ 1981ರಲ್ಲಿ ಅಟಾರಿ ಯಂತ್ರಕ್ಕೆ ಮಾಡಿದ ‘ಈಸ್ಟರ್ನ್ ಫ್ರಂಟ್’. ಜರ್ಮನರು ರಷ್ಯಕ್ಕೆ ನುಗ್ಗಿದ ಕತೆ. ಅದರಲ್ಲಿ ಕೆಸರು ಬರುತ್ತದೆ, ಹಿಮ ಬರುತ್ತದೆ, ಹಿಂದಿನಿಂದ ಸರಬರಾಜು ಕಡಿದರೆ ಪಡೆ ಸೊರಗುತ್ತದೆ. ಆಡುವವನು ಯೋಚಿಸುತ್ತ ಕೂತಷ್ಟು ಹೊತ್ತೂ ಯಂತ್ರ ಹಿಂದೆಯೇ ತನ್ನ ನಡೆಯನ್ನು ತಿದ್ದಿಕೊಳ್ಳುತ್ತಿರುತ್ತದೆ. ಇವತ್ತಿನ ಒಂದು ಫೋಟೊ ಕೂಡ ಹಿಡಿಸದಷ್ಟು ಚಿಕ್ಕ ಮೆಮೊರಿಯಲ್ಲಿ ಒಬ್ಬನೇ ಮನುಷ್ಯ ಪಂಚನನ್ನೂ ಎದುರಾಳಿಯನ್ನೂ ಕೂರಿಸಿದ. ಒಂಟಿಯಾಗಿ ಮನೆಯಲ್ಲಿ ಕೂತವನಿಗೂ ನಕಾಶೆಯ ಯುದ್ಧ ಸಿಕ್ಕಿತು. ರೈಸ್ವಿಟ್ಸ್‌ನ ಕೋಷ್ಟಕಗಳಿಗೆ ನೂರೈವತ್ತು ವರ್ಷದ ಮೇಲೆ ಮೋಕ್ಷ ಬಂತು ಅನ್ನಬೇಕು.

ಆಮೇಲೆ ಯಂತ್ರಗಳನ್ನು ತಂತಿಯಲ್ಲಿ ಜೋಡಿಸುವ ಕಾಲ. ಅಮೆರಿಕದ ಸೈನ್ಯಕ್ಕಾಗಿ ಡಾರ್ಪಾ 1983ರಲ್ಲಿ ಸಿಮ್‌ನೆಟ್ ಎಂಬ ಟ್ಯಾಂಕ್ ತರಬೇತಿ ಜಾಲವನ್ನು ಕಟ್ಟಲು ಶುರುಮಾಡಿತು. ಅದರಲ್ಲಿ ನಡುವೆ ಕೂತ ಯಜಮಾನ ಕಂಪ್ಯೂಟರೇ ಇಲ್ಲ. ಹೊಡೆದವನ ಯಂತ್ರ, ನಾನು ಇಲ್ಲಿಗೆ ಗುಂಡು ಬಿಟ್ಟೆ ಎಂದು ಸಾರುತ್ತದೆ. ಪೆಟ್ಟು ತಿಂದವನ ಯಂತ್ರವೇ ತನಗೆಷ್ಟು ಹಾನಿಯಾಯಿತು ಎಂದು ಲೆಕ್ಕ ಹಾಕಿ ಒಪ್ಪಿಕೊಳ್ಳುತ್ತದೆ. ಎಲ್ಲರೂ ಒಂದೇ ಸೈನ್ಯದವರು, ಸುಳ್ಳು ಹೇಳುವ ಲಾಭ ಯಾರಿಗೂ ಇಲ್ಲ. ಆ ನಂಬಿಕೆಯ ಮೇಲೆ ಪಂಚನಿಲ್ಲದ ಆಟ ನಡೆಯಿತು. ಗೆಲ್ಲಲೇಬೇಕೆಂದು ಕೂತ ಕಾಲೇಜು ಹುಡುಗರ ನಡುವೆ ಅದು ನಡೆಯುವ ಮಾತಲ್ಲ.

ನಮ್ಮಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಿಂದ, ಮೊದಲು ಮಹಾನಗರಗಳಿಗೆ. ಹುಬ್ಬಳ್ಳಿ-ಧಾರವಾಡದಲ್ಲಿ ಸೈಬರ್‌ಗಳು ಅಣಬೆಯಂತೆ ಎದ್ದದ್ದು 2000ದ ಆಚೀಚೆ. ಬಿ.ವಿ. ಭೂಮರಡ್ಡಿ ಕಾಲೇಜು ವಿದ್ಯಾನಗರದಲ್ಲಿ, ಎಸ್‌ಡಿಎಂ ಇಂಜಿನಿಯರಿಂಗ್ ಕಾಲೇಜು ಧಾರವಾಡದಲ್ಲಿ. ರೂಮು ಮಾಡಿಕೊಂಡಿದ್ದ ಪರವೂರ ಹುಡುಗರು ಸಂಜೆಯಾದರೆ ಎಲ್ಲಿಗೆ ಹೋಗಬೇಕು? ಮೇಲ್ ನೋಡಲು ಬಂದವರು ಆಟಕ್ಕೆ ಕೂತರು. ನೆಟ್ಟಿನ ವೇಗ ಆಗ ಆಟಕ್ಕೆ ಏನೂ ಸಾಲದು, ಆದರೆ ಆಟಕ್ಕೆ ನೆಟ್ ಬೇಕಾಗಿಯೂ ಇರಲಿಲ್ಲ. ಒಂದು ಸ್ವಿಚ್ ಬಾಕ್ಸು, ನೀಲಿ ಕೇಬಲ್ಲು, ಎರಡೂ ತುದಿಗೆ ಕ್ಲಿಪ್ ಒತ್ತುವ ಇಕ್ಕಳ, ಇಷ್ಟಿದ್ದರೆ ಲ್ಯಾನ್. ಎಂಟು ಎಳೆಗಳ ಬಣ್ಣದ ಕ್ರಮ ಕೈಗೆ ಬಾಯಿಪಾಠವಾಗಿತ್ತು: ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು. ಎಳೆಗಳ ಕ್ರಮ ತಪ್ಪಿದರೆ ಸ್ವಿಚ್ಚಿನ ಹಸಿರು ದೀಪ ಹೊತ್ತದೇ ಹೋಗಬಹುದಿತ್ತು.

ಕೌಂಟರ್-ಸ್ಟ್ರೈಕ್ 1999ರಲ್ಲಿ ‘ಹಾಫ್-ಲೈಫ್’ ಎಂಬ ಆಟದ ಮೇಲೆ ಮಿನ್ ಲೀ ಮತ್ತು ಜೆಸ್ ಕ್ಲಿಫ್ ಎಂಬಿಬ್ಬರು ಕಟ್ಟಿದ್ದು. 2000ದಲ್ಲಿ ವಾಲ್ವ್ ಕಂಪನಿ ಅದನ್ನು ಮಾರಾಟಕ್ಕೆ ಬಿಟ್ಟಿತು. ನಮ್ಮ ಹುಡುಗರು ಆಡಿದ್ದು 2003ರ 1.6. ಕೌಂಟರಿನ ಸಿಸ್ಟಮ್ಮಿನಲ್ಲಿ ನಾನು ಸರ್ವರ್ ಹಾಕಬೇಕು, ಅವರು ಅದಕ್ಕೆ ಸೇರಬೇಕು. ‘ಅಣ್ಣಾ, ಡಸ್ಟ್ ಟೂ ಹಾಕ್ರಿ’ ಎಂಬ ಕೂಗು ಕೇಳಿದರೆ ಸಂಜೆ ಶುರುವಾಯಿತೆಂದು ಅರ್ಥ. ತಾಸಿಗೆ ಇಪ್ಪತ್ತು ರೂಪಾಯಿ. ಕರೆಂಟ್ ಹೋದರೆ ಯುಪಿಎಸ್ ಇದ್ದದ್ದು ಕೌಂಟರಿನ ಸಿಸ್ಟಮ್‌ಗೆ ಒಂದಕ್ಕೇ. ಒಳಗಿನ ಪರದೆಗಳೆಲ್ಲ ಕಪ್ಪಾದರೂ ಸರ್ವರ್ ಕತ್ತಲಲ್ಲಿ ಕುಯ್ ಕುಯ್ ಎನ್ನುತ್ತ ಎರಡೂ ತಂಡದ ಲೆಕ್ಕ ಹಿಡಿದುಕೊಂಡಿರುತ್ತಿತ್ತು. ಕರೆಂಟ್ ಬಂದ ಮೇಲೆ ಯಾರೂ ಲೆಕ್ಕದ ಬಗ್ಗೆ ತಕರಾರು ತೆಗೆಯುತ್ತಿರಲಿಲ್ಲ.

ತಕರಾರು ಬರುತ್ತಿದ್ದದ್ದು ಗುಂಡಿನ ಮೇಲೆ. ‘ಅಣ್ಣಾ, ನಾ ಮೊದಲ ಹೊಡದೇನ್ರಿ, ಅವ ಹೆಂಗ ಉಳದಾ?’ ಎಂದು ಎದ್ದು ಬರುವರು. ಅದಕ್ಕೆ ಉತ್ತರ ಕೊಡಬೇಕೆಂದೇ ನಾನು ಈ ಸರ್ವರ್ ಒಳಗಿನ ಕೆಲಸವನ್ನು ಓದಿ ತಿಳಿದುಕೊಂಡದ್ದು. 1993ರ ‘ಡೂಮ್’ನಲ್ಲಿ ಪ್ರತಿ ಯಂತ್ರವೂ ಉಳಿದವರಿಗೆ ಕಾಯುತ್ತ ಹೆಜ್ಜೆಗೆ ಹೆಜ್ಜೆ ಹಾಕಬೇಕಿತ್ತು. 1996ರ ‘ಕ್ವೇಕ್‌ವರ್ಲ್ಡ್’ನಲ್ಲಿ ಜಾನ್ ಕಾರ್ಮ್ಯಾಕ್, ಸರ್ವರ್ ಹೇಳುವ ಮೊದಲೇ ನಿನ್ನ ಯಂತ್ರ ನಿನ್ನ ಹೆಜ್ಜೆಯನ್ನು ಊಹಿಸಿ ತೋರಿಸಲಿ, ತಪ್ಪಿದ್ದರೆ ಸರ್ವರ್ ತಿದ್ದಲಿ ಎಂದ. ವಾಲ್ವ್‌ನವರು ಇನ್ನೂ ಮುಂದೆ ಹೋದರು. ನೀನು ಗುಂಡು ಬಿಟ್ಟ ಸುದ್ದಿ ಸರ್ವರಿಗೆ ಮುಟ್ಟುವ ಹೊತ್ತಿಗೆ ವೈರಿ ಸರಿದಿರುತ್ತಾನೆ. ಆಗ ಸರ್ವರ್ ಕಾಲವನ್ನೇ ಅಷ್ಟು ಹಿಂದಕ್ಕೆ ತಿರುಗಿಸಿ, ನೀನು ಒತ್ತಿದ ಕ್ಷಣದಲ್ಲಿ ನಿನ್ನ ಪರದೆಯ ಮೇಲೆ ಅವನು ಎಲ್ಲಿದ್ದ ಎಂದು ನೋಡಿ ತೀರ್ಪು ಕೊಡುತ್ತದೆ. ಗೋಡೆಯ ಮರೆಗೆ ಹೋಗಿಬಿಟ್ಟೆ ಅಂದುಕೊಂಡವನು ಅಲ್ಲಿ ಬಿದ್ದು ಸಾಯುವುದು ಇದಕ್ಕೆ. ಇಬ್ಬರು ಕಂಡದ್ದೂ ನಿಜ, ಇಬ್ಬರಿಗೂ ನ್ಯಾಯ ಸಿಗಲಾರದು, ಒಬ್ಬನ ಕಣ್ಣನ್ನು ನಂಬಬೇಕು. ಈ ಮಾತನ್ನು ನಾನು ಹುಡುಗರಿಗೆ ಕೌಂಟರಿನ ಹಾಳೆಯ ಮೇಲೆ ಗೆರೆ ಎಳೆದು ವಿವರಿಸುತ್ತಿದ್ದೆ. ಅವರಲ್ಲಿ ಕೆಲವರು ನೆಟ್‌ವರ್ಕಿಂಗ್ ಪರೀಕ್ಷೆಗೆ ಓದುತ್ತಿದ್ದವರೇ. ಪುಸ್ತಕದ ಪಾಠ ಅವರಿಗೆ ಮನಸ್ಸಿಗಿಳಿದದ್ದು ಇಲ್ಲಿ ಎಂದು ನಾನು ಹೆಮ್ಮೆಯಿಂದ ಹೇಳುತ್ತೇನೆ.

‘ಏಜ್ ಆಫ್ ಎಂಪೈರ್ಸ್’ನ ಗುಂಪು ಬೇರೆ. ತಾಳ್ಮೆಯ ಹುಡುಗರು, ಬೆಳಿಗ್ಗೆಯೇ ಬಂದು ಕೂರುವವರು. 1997ರ ಆ ಆಟದಲ್ಲಿ ಪಂಚನಿಲ್ಲ. ಆ ಕಾಲದ ಮೋಡೆಮ್ಮಿನಲ್ಲಿ ನೂರಾರು ಬಿಲ್ಲುಗಾರರ ಜಾಗವನ್ನೆಲ್ಲ ಕಳಿಸುವುದು ಆಗದ ಕೆಲಸ, ಹಾಗಾಗಿ ಅಪ್ಪಣೆಗಳನ್ನು ಮಾತ್ರ ಕಳಿಸುತ್ತಿದ್ದರು. ಎಲ್ಲರ ಯಂತ್ರವೂ ಇಡೀ ಯುದ್ಧವನ್ನು ಕೂದಲೆಳೆಯೂ ತಪ್ಪದ ಹಾಗೆ ಬೇರೆ ಬೇರೆಯಾಗಿ ನಡೆಸಬೇಕು. ಒಂದೇ ಒಂದು ಯಂತ್ರದ ಲೆಕ್ಕ ತಪ್ಪಿದರೆ ಆಟ ಅಲ್ಲಿಗೇ ಮುಗಿಯಿತು. ಒಂದು ಯಂತ್ರ ನಿಧಾನವಾದರೆ ಎಲ್ಲರೂ ನಿಧಾನ. ನನ್ನ ಕೆಫೆಯ ಮೂಲೆಯ ಸಿಸ್ಟಮ್ ಮೆಮೊರಿ ಕಡಿಮೆಯದು. ಅದರಲ್ಲಿ ಯಾರಾದರೂ ಕೂತರೆ ಎಲ್ಲರ ಕುದುರೆಗಳೂ ತೆವಳತೊಡಗುತ್ತಿದ್ದವು, ‘ಮೂಲಿ ಸಿಸ್ಟಮ್ ಬಿಟ್ಟು ಕೂಡ್ರಲೇ’ ಎಂದು ಎಲ್ಲರೂ ಕೂಗುವರು. ಇನ್ನೊಂದು ಗುಟ್ಟು: ಪ್ರತಿ ಯಂತ್ರಕ್ಕೂ ಎಲ್ಲವೂ ಗೊತ್ತು, ಪರದೆಯ ಮೇಲೆ ಕಪ್ಪು ಬಳಿದು ಮುಚ್ಚಿಟ್ಟಿರುತ್ತದೆ ಅಷ್ಟೇ. ಆ ಮುಚ್ಚಳ ತೆಗೆಯುವ ಕಳ್ಳದಾರಿಗಳು ಅದಕ್ಕೇ ಹುಟ್ಟಿದವು.

ಒಂಟಿಯಾಗಿ ಆಡುವವರಿಗೆ ‘ಪ್ರಾಜೆಕ್ಟ್ ಐಜಿಐ’ ಇತ್ತು. 2000ದಲ್ಲಿ ನಾರ್ವೆಯ ಇನ್ನರ್‌ಲೂಪ್ ಸ್ಟುಡಿಯೋಸ್ ಮಾಡಿದ್ದು. ನಡುವೆ ಸೇವ್ ಮಾಡುವ ಅವಕಾಶವಿಲ್ಲ, ಸತ್ತರೆ ಮಿಶನ್ ಮೊದಲಿನಿಂದ. ಬೇರೆ ಕಡೆ ಅದನ್ನು ದೋಷ ಎಂದರು. ತಾಸಿನ ಲೆಕ್ಕದಲ್ಲಿ ದುಡ್ಡು ಕೊಡುವ ನಮ್ಮ ಹುಡುಗರು ಅದನ್ನು ಸವಾಲೆಂದು ಹಿಡಿದು ನಕಾಶೆಯನ್ನೇ ಕಣ್ಣುಮುಚ್ಚಿ ಹೇಳುವಷ್ಟು ಕಲಿತರು.

ಏಜ್ ಆಫ್ ಎಂಪೈರ್ಸ್‌ನ ಎರಡನೆಯ ಭಾಗದಲ್ಲಿ ಹುಡುಗರು ಕವಣೆಯಂತ್ರ ತಂದು ನಿಲ್ಲಿಸಿ ಕೋಟೆಯನ್ನು ಸ್ವಲ್ಪ ಹೊತ್ತಿನಲ್ಲಿ ಉರುಳಿಸುವುದನ್ನು ನೋಡುವಾಗ ನನಗೆ ನಮ್ಮ ಧಾರವಾಡದ ಕೋಟೆಯ ನೆನಪಾಗುತ್ತಿತ್ತು. ಮೂರನೆಯ ಮೈಸೂರು ಯುದ್ಧದಲ್ಲಿ, 1790ರ ಸೆಪ್ಟೆಂಬರಿನಲ್ಲಿ, ಪರಶುರಾಮ ಭಾವೂ ಪಟವರ್ಧನನ ಮರಾಠಾ ಸೈನ್ಯ ಅದನ್ನು ಮುತ್ತಿತು. ಜೊತೆಗೆ ಕ್ಯಾಪ್ಟನ್ ಲಿಟ್ಲ್‌ನ ಕೈಕೆಳಗೆ ಮುಂಬಯಿಯ ಇಂಗ್ಲಿಷ್ ತುಕಡಿ. ಒಳಗೆ ಟಿಪ್ಪುವಿನ ಕಡೆಯ ಬದ್ರುಜ್ಜಮಾನ್ ಖಾನ್. ಕೋಟೆ ಬಿದ್ದದ್ದು 1791ರ ಏಪ್ರಿಲಿನಲ್ಲಿ. ಆ ತುಕಡಿಯಲ್ಲಿದ್ದ ಎಡ್ವರ್ಡ್ ಮೂರ್ 1794ರಲ್ಲಿ ಪುಸ್ತಕ ಬರೆದು, ಮರಾಠಾ ಗೋಲಂದಾಜರು ಒಂದು ಗುಂಡು ಹಾರಿಸಿ ಕೂತು ಮಾತಾಡುತ್ತ ಹೊಗೆ ಸೇದುತ್ತಿದ್ದದ್ದನ್ನು ವರ್ಣಿಸಿದ್ದಾನೆ. ಅವನಿಗೆ ಅದು ಸೋಮಾರಿತನ. ಮದ್ದು ಸಾಲದೆ ದಿನದೂಡಬೇಕಾದ ಸೈನ್ಯ ಇನ್ನೇನು ಮಾಡಬೇಕಿತ್ತು ಎಂದು ನಾನು ಕೇಳುತ್ತೇನೆ. ಫೆಬ್ರವರಿಯಲ್ಲಿ ಲಗ್ಗೆ ಹಾಕಿದಾಗ ಕಂದಕ ತುಂಬಲು ಎಸೆದ ಕಟ್ಟಿಗೆ ಹೊರೆಗಳಿಗೆ ಒಳಗಿನವರು ಬೆಂಕಿ ಇಟ್ಟರು. ಸಹಾಯಕ್ಕೆ ಬಂದಿದ್ದ ಕರ್ನಲ್ ಫ್ರೆಡರಿಕ್ ಮುತ್ತಿಗೆಯ ನಡುವೆಯೇ ತೀರಿಕೊಂಡ. ಏಳು ತಿಂಗಳ ಹತ್ತಿರದ ಈ ಕಾಯುವಿಕೆ ನಾನು ಕಂಡ ಯಾವ ಆಟದಲ್ಲೂ ಇಲ್ಲ.

ಕೆಫೆಗಳು ಕರಗಿದ್ದು ಒಮ್ಮೆಲೇ ಅಲ್ಲ. 2005ರಿಂದ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಮನೆಗಳಿಗೆ ಬಂತು, ಲ್ಯಾಪ್‌ಟಾಪ್ ಅಗ್ಗವಾಯಿತು, ಹುಡುಗರು ಹಾಸ್ಟೆಲಿನಲ್ಲಿಯೇ ಲ್ಯಾನ್ ಎಳೆದುಕೊಂಡರು. ನಾನು ಜೆರಾಕ್ಸ್, ಆನ್‌ಲೈನ್ ಅರ್ಜಿಗಳ ಕಡೆ ತಿರುಗಿದೆ. 2018ರಲ್ಲಿ ಪಬ್‌ಜಿ ಮೊಬೈಲಿಗೆ ಬಂದಾಗ ಆಟ ಪೂರ್ತಿ ಕಿಸೆಗೆ ಇಳಿಯಿತು. ಒಂದು ದ್ವೀಪ, ನೂರು ಮಂದಿ, ಕಿರಿದಾಗುತ್ತ ಬರುವ ವೃತ್ತ, ಕಡೆಗೆ ಉಳಿದವನು ಗೆದ್ದ. ಚಿಗರಿ ಬಸ್ಸಿನಲ್ಲಿ ಧಾರವಾಡದಿಂದ ಹುಬ್ಬಳ್ಳಿ ಮುಟ್ಟುವುದರೊಳಗೆ ಒಂದು ಯುದ್ಧ. ಮೂರನೆಯವನ ಕುರ್ಚಿ ಮಾತ್ರ ನಮ್ಮ ಓಣಿಯಿಂದ ಎದ್ದು, ಆಡುವವರು ಎಂದೂ ಕಾಣದ ಸರ್ವರ್ ಕೋಣೆಗೆ ಹೋಯಿತು.

ಅದರ ಪರಿಣಾಮ 2020ರಲ್ಲಿ ಕಂಡಿತು. ಗಲ್ವಾನ್ ಕಣಿವೆಯಲ್ಲಿ ಚೀನಾ ಸೈನ್ಯದೊಂದಿಗೆ ನಡೆದ ಘರ್ಷಣೆಯ ಬಳಿಕ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ನಿಷೇಧಿಸಿದ 118 ಆ್ಯಪ್‌ಗಳಲ್ಲಿ ಪಬ್‌ಜಿ ಮೊಬೈಲೂ ಒಂದು. ಅಕ್ಟೋಬರ್ 30ಕ್ಕೆ ಭಾರತದವರಿಗೆ ಸರ್ವರ್ ನಿಂತಿತು. ಫೋನಿನಲ್ಲಿ ಆಟ ಇತ್ತು, ಆಡುವ ಗೆಳೆಯರು ಪಕ್ಕದಲ್ಲೇ ಇದ್ದರು, ತೀರ್ಪು ಕೊಡುವವನಿಲ್ಲ, ಆದ್ದರಿಂದ ಆಟವೂ ಇಲ್ಲ. ನಿಷೇಧಕ್ಕೆ ಕಾರಣಗಳಿದ್ದವು, ಅದರ ಚರ್ಚೆ ಇಲ್ಲಿ ಬೇಡ. ಆದರೆ ಅದೇ ಹೊತ್ತಿಗೆ ಹಳೆಯ 1.6 ಇದ್ದ ಯಾವ ಎರಡು ಲ್ಯಾಪ್‌ಟಾಪ್‌ಗಳನ್ನಾದರೂ ಒಂದು ಕೇಬಲಿನಿಂದ ಜೋಡಿಸಿ ಯಾರ ಅಪ್ಪಣೆಯೂ ಇಲ್ಲದೆ ಆಡಬಹುದಿತ್ತು. ಈ ವ್ಯತ್ಯಾಸವನ್ನು ಆಟ ಮಾಡುವವರು ಮರೆಯಬಾರದೆಂದು ನನ್ನ ಬಲವಾದ ಅನಿಸಿಕೆ.

ನಿಷೇಧದ ಬೆನ್ನಿಗೇ ಬೆಂಗಳೂರಿನ ಎನ್‌ಕೋರ್ ಗೇಮ್ಸ್ ತನ್ನದೊಂದು ಆಟವನ್ನು ಸಾರಿ ಸುದ್ದಿಯಲ್ಲಿತ್ತು. ಅದರ ‘ಫೌಜಿ’ 2021ರ ಜನವರಿ 26ರಂದು ಬಂತು, ಗಲ್ವಾನ್ ಕಣಿವೆಯ ಕತೆಯೊಂದಿಗೆ. ಮೊದಲ ದಿನ ಅದರಲ್ಲಿದ್ದದ್ದು ಒಬ್ಬನೇ ಆಡುವ ಕಥಾಭಾಗ. ಎದುರಾಳಿಗಳೊಂದಿಗೆ ಆಡುವ ಭಾಗ ಕೆಲ ತಿಂಗಳ ಮೇಲೆ ಸೇರಿತು. ಅಷ್ಟರಲ್ಲಿ ಹುಡುಗರ ಮನಸ್ಸು ಚದುರಿತ್ತು. ಜುಲೈನಲ್ಲಿ ಕ್ರಾಫ್ಟನ್ ಕಂಪನಿ ಪಬ್‌ಜಿಯನ್ನೇ ಭಾರತಕ್ಕೆಂದು ‘ಬಿಜಿಎಂಐ’ ಹೆಸರಿನಲ್ಲಿ ತಂದಿತು. ಅದೂ 2022ರ ಜುಲೈನಲ್ಲಿ ನಿಂತು 2023ರ ಮೇ ತಿಂಗಳಲ್ಲಿ ಮರಳಿತು, ದಿನಕ್ಕಿಷ್ಟೇ ತಾಸು ಎಂಬ ಮಿತಿಯೊಂದಿಗೆ. ಹಾಗೆಂದು ಕರ್ನಾಟಕದವರಿಗೆ ಆಟ ಕಟ್ಟುವ ಕೈ ಇಲ್ಲವೆಂದಲ್ಲ. ಬೆಂಗಳೂರಿನಲ್ಲಿ ರಾಜೇಶ್ ರಾವ್ 1997ರಲ್ಲೇ ಧ್ರುವ ಇಂಟರ್ಯಾಕ್ಟಿವ್ ಶುರುಮಾಡಿ ಹೊರದೇಶದ ಆಟಗಳಿಗೆ ಚಿತ್ರ, ಮಾದರಿಗಳನ್ನು ಮಾಡಿಕೊಡುವ ತಂಡ ಕಟ್ಟಿದರು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡಿತು. ಕೈಕೆಲಸಕ್ಕೆ ಕೊರತೆಯಿಲ್ಲ, ನಮ್ಮ ನೆಲದ ಯುದ್ಧವನ್ನು ನಮ್ಮ ನಿಯಮದಲ್ಲಿ ಬರೆಯುವ ಕೆಲಸ ಉಳಿದಿದೆ. 2022ರಲ್ಲಿ ಏಜ್ ಆಫ್ ಎಂಪೈರ್ಸ್‌ಗೆ ಸೇರಿದ ಭಾರತದ ಭಾಗದಲ್ಲಿ ರಾಜೇಂದ್ರ ಚೋಳನ ದಂಡಯಾತ್ರೆ ಬಂತು. ಅವನ ಎದುರಾಳಿಗಳಾದ ಕಲ್ಯಾಣದ ಚಾಲುಕ್ಯರ ಕಡೆಯಿಂದ ಯಾರು ಬರೆಯುತ್ತಾರೆ?

ನನಗೆ ಬೇಕಾದದ್ದು ಧಾರವಾಡದ ಮುತ್ತಿಗೆ. ನಮ್ಮ ಕಾಲೇಜುಗಳ ಹುಡುಗರು ಮನಸ್ಸು ಮಾಡಿದರೆ ಒಂದು ವರ್ಷದ ಪ್ರಾಜೆಕ್ಟು. ಎರಡು ಕೋಣೆ, ಎರಡು ಪರದೆ, ನಡುವೆ ಒಂದು ಸರ್ವರ್, ಇಂಟರ್ನೆಟ್ ಬೇಡ. ಒಂದು ಸರದಿಗೆ ಒಂದು ದಿನ. ಹೊರಗಿನವನಿಗೆ ಒಳಗೆ ಎಷ್ಟು ಧಾನ್ಯ ಉಳಿದಿದೆ ಎಂದು ತಿಳಿಯಬಾರದು, ಒಳಗಿನವನಿಗೆ ಹೊರಗಿನವನ ಮದ್ದಿನ ಪೀಪಾಯಿಗಳ ಲೆಕ್ಕ ತಿಳಿಯಬಾರದು. ಮುಂಬಯಿಗೆ ಬರೆದ ಕಾಗದಕ್ಕೆ ಉತ್ತರ ಬರುವವರೆಗೆ ಭಾವೂ ಕಾಯಲೇಬೇಕು. ಒಣಗಿದ ಕಟ್ಟಿಗೆ ಹೊರೆಯನ್ನು ಕಂದಕಕ್ಕೆ ಎಸೆದರೆ ಅದು ಹೊತ್ತಿಕೊಳ್ಳುವ ಸಂಭವವನ್ನು ಕೋಷ್ಟಕದಲ್ಲಿ ಬರೆಯಬೇಕು. ಬೇಸರವೂ ಒಂದು ಅಂಕೆಯಾಗಿ ಸೈನ್ಯವನ್ನು ಸವೆಸುತ್ತ ಹೋಗಬೇಕು. ಕಡೆಯ ಭಾಗವೇ ಕಷ್ಟದ್ದು. ಕೌಲಿನ ಮೇಲೆ ಖಾನ್ ಕೋಟೆ ಬಿಟ್ಟು ಹೊರಬಂದ ಮೇಲೆ ದಾರಿಯಲ್ಲಿ ಅವನ ಜನರ ಮೇಲೆ ದಾಳಿಯಾಯಿತು, ಅವನು ಗಾಯಗೊಂಡು ಸೆರೆಸಿಕ್ಕ, ಮಾತಿಗೆ ತಪ್ಪಿದವರು ನೀವೇ ಎಂದು ಎರಡೂ ಕಡೆಯವರು ಒಬ್ಬರನ್ನೊಬ್ಬರು ದೂರಿದರು. ಆ ದಿನದ ತೀರ್ಪನ್ನು ದಾಳಕ್ಕೆ ಬಿಡಬಾರದು. ಅಲ್ಲಿ ಸರ್ವರ್ ಆಟ ನಿಲ್ಲಿಸಿ, ಕೋಣೆಯಲ್ಲಿರುವ ಒಬ್ಬ ಮನುಷ್ಯನನ್ನು ಕೇಳಬೇಕು.